ಹಳೇ ಜೀಪಿಗೆ ಹೊಸ ಆಲ್ಟರ್ನೇಟರ್

ಬುಧವಾರ, ಸಂಜೆ

ಗುಬ್ಬಿಯ ಅಪ್ಪನಿಗೆ,

ನಾನೂ ಗುಬ್ಬಿಯೂ ಕ್ಷೇಮ. ನೀವೂ ಚೆನ್ನಾಗಿದ್ದೀರೆಂದು ಮಗಳು ಹೇಳಿದಳು. ಫೋನ್ ಮಾಡಬಹುದಿತ್ತು, ಆದರೆ ನಮ್ಮಿಬ್ಬರ ಫೋನು ಮೂರನೇ ಮಾತಿಗೇ ಜಗಳವಾಗುತ್ತದೆ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ನಮ್ಮದಲ್ಲ, ಜೀಪಿನದು. ಹೋದ ಭಾನುವಾರ ಅವಳನ್ನು ಕರೆದೊಯ್ಯಲು ಬಂದಾಗ ಬಾನೆಟ್ ಎತ್ತಿ, ಹಳೇ ಡೈನಮೋ ತೆಗೆದು ಕೂರಿಸಿದ ಹೊಸ ಆಲ್ಟರ್ನೇಟರ್ ತೋರಿಸಿದಿರಿ. ಡೈನಮೋ ಇದ್ದಾಗ ಮಿಣಿಮಿಣಿ ಎನ್ನುತ್ತಿದ್ದ ದೀಪಗಳು ಈಗ ಬೀದಿಯನ್ನೇ ಬೆಳಗುತ್ತವೆ ಎಂದು ಬೀಗಿದಿರಿ. ಕೆಲಸ ಚೆನ್ನಾಗಿಯೇ ಇದೆ. ಅದನ್ನು ಕೂರಿಸಲು ನೀವು ಮಾಡಿದ ವೆಲ್ಡಿಂಗ್ ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು. ಆದರೆ ಸಂಜೆ ಅವಳನ್ನು ಬಿಡಲು ಬಂದಿರಲ್ಲ, ಆಗ ಜೀಪಿನೊಳಗಿಂದ ವಾಸನೆ ಬಂತು. ಮೋಟರ್ ವೈಂಡಿಂಗ್ ಮಾಡಿ ಹೊಟ್ಟೆ ಹೊರೆಯುವವಳು ನಾನು, ಸುಡುವ ವೈರಿನ ವಾಸನೆ ನನಗೆ ಗೊತ್ತಾಗದೆ ಇರುತ್ತದೆಯೇ?

ಬಗ್ಗಿ ನೋಡಿದರೆ ಮಾವನವರು ಬಟ್ಟೆ ಟೇಪು ಸುತ್ತಿದ್ದ ಅದೇ ವೈರು ಡ್ಯಾಶ್‌ಬೋರ್ಡಿನ ಕೆಳಗೆ ಜೋತುಬಿದ್ದಿತ್ತು. ಡೈನಮೋ ಕೊಡುತ್ತಿದ್ದ ಚೂರುಪಾರು ಕರೆಂಟಿಗೆ ಅದು ಸಾಕಾಗಿತ್ತು. ಈಗ ಅದರ ಮೂರು ಪಟ್ಟು ಕರೆಂಟು ಅದೇ ದಾರಿಯಲ್ಲಿ, ಕರೆಂಟು ಅಳೆಯುವ ಅವರ ಹಳೇ ಆಮ್ಮೀಟರಿನೊಳಗೆ ಹಾದು ಬ್ಯಾಟರಿ ಸೇರಬೇಕು. ಬ್ಯಾಟರಿ ಇಳಿದಿದ್ದ ದಿನ ಆ ವೈರು ಕೆಂಡವಾಗುತ್ತದೆ. ಇಷ್ಟು ನಿಮಗೆ ಗೊತ್ತಿಲ್ಲವೆಂದಲ್ಲ.

ಅಪ್ಪನ ಮೀಟರಿನ ಮುಳ್ಳು ಕುಣಿಯದಿದ್ದರೆ ಅದು ಜೀಪೇ ಅಲ್ಲ ಎನ್ನುತ್ತೀರಿ. ಹಿಂದೆಯೂ ಎಂದಿದ್ದಿರಿ. ಮಾವನವರ ಮೇಲೆ ನನಗೂ ಪ್ರೀತಿಯಿತ್ತು, ನನ್ನ ಕೈಗೆ ಸ್ಪ್ಯಾನರ್ ಕೊಟ್ಟವರೇ ಅವರು. ಆದರೆ ಹೋದವರ ನೆನಪಿಗೆ ಇರುವವರನ್ನು ಒತ್ತೆ ಇಡಬಾರದು. ಮೀಟರ್ ನೋಡಲಿಕ್ಕೆ ಇರಲಿ, ಚಾರ್ಜಿಂಗ್ ವೈರನ್ನು ಅದರಿಂದ ಬಿಚ್ಚಿ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರವಾಗಿ ದಪ್ಪ ವೈರು ಎಳೆಯಿರಿ. ನಡುವೆ ಫ್ಯೂಸ್ ಮರೆಯಬೇಡಿ. ಎರಡನ್ನೂ ಈ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ.

ಈ ಭಾನುವಾರ ನದಿಯಾಚೆಯ ಕಲ್ಲುದಾರಿಯಲ್ಲಿ ಜೀಪನ್ನು ಬೆಟ್ಟ ಹತ್ತಿಸುತ್ತೀರಂತೆ. ಗುಬ್ಬಿಗೆ ವಾರವಿಡೀ ಅದೇ ಜಪ. ನೀರಿನ ಬಾಟಲಿ ಆಗಲೇ ಬಾಗಿಲ ಬಳಿ ಬಂದು ಕೂತಿದೆ. ಅವಳು ಬರುವುದನ್ನು ನಾನು ತಪ್ಪಿಸುವುದಿಲ್ಲ. ವೈರು ಬದಲಾಯಿಸದೆ ಮಾತ್ರ ಅವಳನ್ನು ಹತ್ತಿಸಬೇಡಿ. ನನಗೆ ಭಯವಾಗುತ್ತಿದೆ, ಅಷ್ಟೇ.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ಅವಳ ಮಂಡಿಯ ಮೇಲೆ ಒಂದು ಸುಟ್ಟ ಗೆರೆಯಿದೆ, ವೈರಿನಷ್ಟೇ ದಪ್ಪ. ಹಾಲಿನ ಪಾತ್ರೆ ತಗುಲಿತು ಎಂದಳು. ಹೌದಾ ಎಂದು ಮುಲಾಮು ಹಚ್ಚಿದೆ. ನಿಮ್ಮ ಬಳಿಯೂ ಬಾಯಿ ಬಿಟ್ಟಿರಲಿಕ್ಕಿಲ್ಲ. ತಾನು ನಿಜ ಹೇಳಿಬಿಟ್ಟರೆ ನಾನು ನಿಮ್ಮ ಭಾನುವಾರಗಳನ್ನು ನಿಲ್ಲಿಸಿಬಿಡುತ್ತೇನೆಂದು ಅವಳಿಗೆ ಹೆದರಿಕೆ. ನೀವೂ ಕೇಳಬೇಡಿ. ಹಾಲಿನ ಪಾತ್ರೆಯೆಂದೇ ನಂಬಿರಿ.