ಹಿರಿಯರ ಎಲೆಗೆ ಎಷ್ಟು ಉಪ್ಪು

ಮಹಾಲಯ ಅಮಾವಾಸ್ಯೆ, ಊರು ಉಪ್ಪು ಇಳಿಸಿದ ವರ್ಷದಿಂದ ಎಣಿಸುವ ನಾಲಿಗೆ ಶಕೆ ತೊಂಬತ್ತಾರು. ಹಿರಿಯರೇ, ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು. ಮಧ್ಯಾಹ್ನದ ಊಟ ಮುಗಿದಿದೆ, ನಿಮ್ಮ ಎಡೆಯನ್ನು ಇನ್ನೂ ಎತ್ತಿಲ್ಲ. ಕೋಡಿಆಗರದ ಅಡುಗೆ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಈ ವರ್ಷ ಊರಿನ ಉಪ್ಪುಗೈಯಾಗಿರುವ ಪ್ರಮಿತಾ ನಾಯಕ ಎಂಬ ನಾನು ಈ ಓಲೆಯನ್ನು ಎರಡು ಉದ್ದೇಶಗಳಿಂದ ಬರೆಯುತ್ತಿದ್ದೇನೆ. ಇಂದು ನಿಮ್ಮ ಎಲೆಗೆ ಬಡಿಸಿದ ಸಾರಿನಲ್ಲಿ ಉಪ್ಪು ಎಷ್ಟಿತ್ತು, ಅದನ್ನು ಹಾಕಿದವರು ಯಾರು ಎಂದು ತಿಳಿಸುವುದು ಮೊದಲನೆಯದು. ಊಟವಾದ ಮೇಲೆ ನನ್ನ ಮುಂದೆ ಬಂದ ಒಂದು ಬೇಡಿಕೆಗೆ ನಿಮ್ಮ ಸಾಕ್ಷಿಯಲ್ಲಿ ಉತ್ತರ ಕೊಡುವುದು ಎರಡನೆಯದು.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಎಡೆಯ ಬದಿಗಿಟ್ಟ ಓಲೆ ಹಿರಿಯರನ್ನು ಅವರು ಬದುಕಿ ಉಣ್ಣುತ್ತಿದ್ದ ಕಾಲದಲ್ಲೇ ಹೋಗಿ ಮುಟ್ಟುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಹಾಗಾದರೆ ನೀವು ಇದನ್ನು ಓದುವಾಗ ನಿಮ್ಮ ತಟ್ಟೆ ಇನ್ನೂ ನಿಮ್ಮ ಮುಂದೆಯೇ ಇದೆ. ಉಪ್ಪುಗೈ ಎಂದರೆ ಊರಡುಗೆಗೆ ಉಪ್ಪು ಹಾಕುವ ಹಕ್ಕಿರುವ ಒಂದೇ ಒಂದು ಕೈ. ಊರಡುಗೆ ಎಂದರೆ ಹಬ್ಬ, ಮದುವೆ, ಎಡೆಗಳಿಗೆ ಊರಿಗೆಲ್ಲ ಒಂದೇ ಒಲೆಯ ಮೇಲೆ ಆಗುವ ಅಡುಗೆ. ನಿಮ್ಮ ಕಾಲದ ಮನೆಗಳಲ್ಲಿ ಒಬ್ಬರು ಹಾಕಿದ್ದು ಗೊತ್ತಾಗದೆ ಇನ್ನೊಬ್ಬರು ಮತ್ತೆ ಹಾಕುತ್ತಿದ್ದರಂತೆ. ಅಷ್ಟಾದರೂ ಸಾಲದೆ ಉಣ್ಣುವವರು ಹಪ್ಪಳ, ಉಪ್ಪಿನಕಾಯಿ, ಒಣಮೀನು ಕೇಳುತ್ತಿದ್ದರಂತೆ. ಅದಕ್ಕಿಂತ ದೊಡ್ಡದು ಅಡಗುಪ್ಪು. ಬ್ರೆಡ್ಡು, ಬಿಸ್ಕತ್ತು, ಚಿಪ್ಸ್ ಪೊಟ್ಟಣ, ಹೋಟೆಲಿನ ಚಟ್ನಿ, ಅಂಗಡಿಯ ಮಸಾಲೆಪುಡಿ ಇವುಗಳಲ್ಲಿ ನಾಲಿಗೆಗೆ ಎದ್ದು ಕಾಣದಂತೆ ಅಡಗಿ ದೇಹ ಸೇರುತ್ತಿದ್ದ ಉಪ್ಪಿಗೆ ನಾವು ಇಟ್ಟ ಹೆಸರು ಅದು. ದಿನಕ್ಕೆ ಐದು ಗ್ರಾಂ ಸಾಕಾಗುತ್ತಿದ್ದರೂ ನಿಮ್ಮಲ್ಲಿ ಹೆಚ್ಚಿನವರು ಅದರ ಎರಡರಷ್ಟು ತಿನ್ನುತ್ತಿದ್ದಿರಿ ಎಂಬುದನ್ನು ನಾವು ಎರಡನೆಯ ತರಗತಿಯಲ್ಲಿ ಕಲಿಯುತ್ತೇವೆ.

ನಮ್ಮದು ಉಪ್ಪು ಬೆಳೆಯುವ ಊರು. ಇಂದಿಗೂ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಆಚೆ ಉಪ್ಪಿನ ಆಗರಗಳು ಬಿಸಿಲಿಗೆ ಹೊಳೆಯುತ್ತವೆ, ಇಲ್ಲಿ ಯಾರೂ ಉಪ್ಪನ್ನು ಬೈಯುವುದಿಲ್ಲ. ಆದರೆ ಅತ್ಯಂತ ಹೆಚ್ಚು ಉಪ್ಪು ತಿಂದವರೂ ನಾವೇ. ನನ್ನ ಅಜ್ಜನ ಅಜ್ಜ ಬೀರಣ್ಣ ಐವತ್ತೊಂದನೆಯ ವಯಸ್ಸಿನಲ್ಲಿ ಆಗರದ ನಡುವೆ ನಿಂತಿದ್ದಾಗ ಉಪ್ಪೆಳೆಯುವ ಹಲಗೆ ಅವರ ಬಲಗೈಯಿಂದ ಜಾರಿತು, ಆ ಕೈ ಮತ್ತೆ ಏನನ್ನೂ ಹಿಡಿಯಲಿಲ್ಲ. ರಕ್ತದ ಒತ್ತಡ ಅದಕ್ಕೂ ಹತ್ತು ವರ್ಷ ಮೊದಲೇ ಏರಿತ್ತೆಂದು ವೈದ್ಯರು ಆಮೇಲೆ ಹೇಳಿದರು. ನೋವಿಲ್ಲ, ಸದ್ದಿಲ್ಲ, ಹೀಗಾಗಿ ಅವರಿಗೆ ಗೊತ್ತಾಗಲಿಲ್ಲ. ನಮ್ಮ ಮನೆಗಳಲ್ಲಿ ಈಗ ಬಾಗಿಲ ಬಳಿ ಒತ್ತುಗನ್ನಡಿ ಇರುತ್ತದೆ. ತಲೆ ಬಾಚಿಕೊಳ್ಳಲು ಅದರ ಮುಂದೆ ನಿಂತರೆ ನಿಮ್ಮ ಮುಖದ ಕೆಳಗೆ ನಿಮ್ಮ ಒತ್ತಡವೂ ಕಾಣುತ್ತದೆ. ಪರವೂರಿನಿಂದ ಮದುವೆಯಾಗಿ ಬಂದವರು, ಹಡಗಿನ ಕೆಲಸ ಮುಗಿಸಿ ಮರಳಿದವರು ಒಂದು ನಾಲಿಗೆತಿಂಗಳು ಕಳೆಯುತ್ತಾರೆ. ದಿನದಿನಕ್ಕೂ ಉಪ್ಪು ಇಳಿಸುತ್ತ ಹೋಗುವ ತಿಂಗಳು ಅದು. ಮೊದಲ ವಾರ ಅನ್ನ ಒದ್ದೆ ಕಾಗದದಂತಿದೆ ಎಂದು ಗೊಣಗುವವರು ಕೊನೆಯ ವಾರಕ್ಕೆ ಈರುಳ್ಳಿ ಇಷ್ಟು ಸಿಹಿಯಾಗಿತ್ತೇ ಎಂದು ಕೇಳುತ್ತಾರೆ. ಪಕ್ಷವಾತದ ರೋಗಿಗಳಿಗೆಂದು ಆಸ್ಪತ್ರೆಯಲ್ಲಿದ್ದ ಉದ್ದನೆಯ ಕೋಣೆ ಹಾಸಿಗೆಗೆ ಜನರಿಲ್ಲದೆ ಮುಚ್ಚಿತು. ಈಗ ಅದು ನಮ್ಮ ಶಾಲೆಯ ಒರಳುಕೋಣೆ. ನಾನು ಪ್ರಥಮ ಸ್ಥಾನ ಪಡೆದದ್ದು ಆ ಕೋಣೆಯಲ್ಲಿ ಕಾಯಿ ಅರೆದು. ಇದೆಲ್ಲ ಉಪ್ಪೊಂದರಿಂದಲೇ ಆಯಿತೆಂದು ಬರೆದರೆ ನಮಗೆ ಶಾಲೆಯಲ್ಲಿ ಕಲಿಸಿದ ಗುನಗಿ ಅಕ್ಕೋರು ಅಂಕ ಕಳೆಯುತ್ತಾರೆ. ತಂಬಾಕು ಬಿಟ್ಟದ್ದೂ, ನಡೆಯುವ ಅಭ್ಯಾಸವೂ, ಒತ್ತುಗನ್ನಡಿಯೂ ಅದರಲ್ಲಿ ಸೇರಿವೆ. ಆದರೆ ಮೊದಲು ಇಳಿದದ್ದು ಉಪ್ಪು.

ಈಗ ಇಂದಿನ ವಿಷಯ. ಹಿರಿಯರ ಎಡೆಯ ಊಟ ಉಪ್ಪುಗೈಗೆ ನಿಜವಾದ ಪರೀಕ್ಷೆ. ಬಡಿಸುವಾಗ ಪ್ರತಿಯೊಂದು ಎಲೆಯ ತುದಿಗೂ ಒಂದು ಚಿಟಿಕೆ ಉಪ್ಪು ಇಡುತ್ತಾರೆ. ಸಾರು ಸಪ್ಪೆಯೆನಿಸಿದವರು ಅದನ್ನು ಬೆರೆಸಿಕೊಳ್ಳಬಹುದು, ಯಾರೂ ತಡೆಯುವುದಿಲ್ಲ. ಊಟ ಮುಗಿದ ಮೇಲೆ ಎಲೆ ಮಡಿಸುವ ಮೊದಲು ಅಕ್ಕೋರು ಪಂಕ್ತಿಯುದ್ದಕ್ಕೂ ನಡೆದು ಎಲೆ ನೋಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಎಲೆಗಳಲ್ಲಿ ತುದಿಯ ಉಪ್ಪು ಕರಗಿದ್ದರೆ ಉಪ್ಪಿನ ಮರಿಗೆಯನ್ನು ಬೇರೆಯವರಿಗೆ ಒಪ್ಪಿಸಬೇಕು. ಮರಿಗೆಯೆಂದರೆ ಉಪ್ಪು ತುಂಬಿಡುವ ಹಲಸಿನ ಮರದ ಪಾತ್ರೆ. ನಮ್ಮಲ್ಲಿ ಅದು ಕಿರೀಟಕ್ಕೆ ಸಮ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಪಡೆದವರು ನನಗಿಂತ ಮೊದಲು ಯಾರೂ ಇಲ್ಲ, ಮೊದಲ ಎಡೆಯಲ್ಲೇ ಕಳೆದುಕೊಂಡವಳು ಎನಿಸಿಕೊಳ್ಳುವ ಇಚ್ಛೆ ನನಗಿರಲಿಲ್ಲ.

ನನ್ನ ವಿರುದ್ಧ ಊರನ್ನು ಎತ್ತಿಕಟ್ಟಿದವರು ನನ್ನ ಅಜ್ಜ, ತೊಂಬತ್ತೊಂದು ವರ್ಷದ ಹಮ್ಮಣ್ಣ ನಾಯಕರು. ಹಿರಿಯರು ಹಳೆಯ ಉಪ್ಪು ತಿಂದವರು, ಅವರ ಎಡೆಗೆ ಹಳೆಯ ಅಳತೆಯಲ್ಲೇ ಹಾಕಬೇಕು ಎಂಬುದು ಅವರ ವಾದ. ವಾರವಿಡೀ ಆಗರದ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಇದನ್ನೇ ಹೇಳಿದರು. ಇಂದು ಬೆಳಿಗ್ಗೆ ಒಲೆಯ ಬಳಿಗೂ ಬಂದರು.

"ಎಂತಾ ತಂಗೀ, ಸತ್ತವರಿಗೂ ಪಥ್ಯವಾ?"

"ಒಂದೇ ಪಾತ್ರೆ ಅಜ್ಜಾ. ಅವರಿಗೂ ಅದೇ, ನಿನಗೂ ಅದೇ."

"ಸತ್ತವರಿಗೆ ಬೀಪಿ ಬರೂದಿಲ್ಲ ಹೇಳಿ ನಿಮ್ಮ ಶಾಲೇಲಿ ಕಲಿಸ್ಲಿಲ್ವಾ? ಮೊದಲ ನಂಬರು ಬಂದವ್ಳು ಬೇರೆ."

ಹೆಂಗಸರು ನಕ್ಕರು. ನಾನು ಅಜ್ಜನನ್ನು ಹೊರಗಿನ ಬೆಂಚಿಗೆ ಕಳಿಸಿ ಕೆಲಸಕ್ಕೆ ಮರಳಿದೆ. ನೂರು ಎಲೆಗಾಗುವಷ್ಟು ಬಂಗಡೆ ಸಾರು. ಕಾಯಿ, ಒಣಮೆಣಸು, ಹುರಿದ ಕೊತ್ತಂಬರಿ ನುಣ್ಣಗೆ ಅರೆದಿದ್ದೆ. ಮೀನಿನ ವಾಸನೆ ಅಡಗಿಸುವ ಜುಮ್ಮನಕಾಯಿಯನ್ನು ಜಜ್ಜಿ ಹಾಕಿ, ಉಪ್ಪು ಸೋಕಿಸದೆ ಒಣಗಿಸಿದ ಮುರುಗಲ ಸಿಪ್ಪೆಯ ಹುಳಿ ಬಿಟ್ಟಿದ್ದೆ. ಕುದಿಯುವ ಸಾರಿಗೆ ನಾನು ಉಪ್ಪು ಹಾಕುವುದಿಲ್ಲ. ಪಾತ್ರೆ ಇಳಿಸಿ, ಕುದಿ ಅಡಗಿದ ಮೇಲೆ, ನನ್ನ ಕೈಯ ನಾಲ್ಕು ಹಿಡಿಯನ್ನು ನೀರಿನಲ್ಲಿ ಕರಗಿಸಿ ಸುತ್ತಲೂ ಸುರಿಯುತ್ತೇನೆ. ಪರೀಕ್ಷೆಯಲ್ಲಿ ನನಗೆ ಪೂರ್ಣಾಂಕ ತಂದ ಕ್ರಮ ಅದೇ. ಎಡೆ ಇಡುವ ತನಕ ಸಾರನ್ನು ಯಾರೂ ರುಚಿ ನೋಡುವಂತಿಲ್ಲ ಎಂಬ ನಿಯಮ ನಿಮ್ಮಿಂದಲೇ ಬಂದದ್ದು, ಅದನ್ನು ನಾವು ಬಿಟ್ಟಿಲ್ಲ. ಉಪ್ಪುಗೈಗೆ ಕೈಯೇ ನಾಲಿಗೆ.

ಪಾತ್ರೆ ಇಳಿಸಿ, ಅನ್ನ ಬಸಿಯುವವರಿಗೆ ಒಂದು ಮಾತು ಹೇಳಲು ಹೊರಗೆ ಹೋಗಿ ಬಂದೆ. ಬಂದು ಮರಿಗೆಯ ಮುಚ್ಚಳ ತೆಗೆದರೆ ಉಪ್ಪಿನ ನಡುವೆ ಒಂದು ಗುಂಡಿ. ಪ್ರತಿಸಲವೂ ಮುಚ್ಚುವ ಮೊದಲು ಉಪ್ಪನ್ನು ಹಿಂಗೈಯಿಂದ ಸವರಿ ಸಮ ಮಾಡಿಡುವುದು ನನ್ನ ಅಭ್ಯಾಸ. ಆ ಸಮತಲದ ಮೇಲೆ ನಾಲ್ಕು ದಪ್ಪ ಬೆರಳುಗಳ ಗುರುತು ಸ್ಪಷ್ಟವಾಗಿತ್ತು. ಕಿಟಕಿಯಿಂದ ನೋಡಿದರೆ ಅಜ್ಜ ಬೆಂಚಿನ ಮೇಲೆ ಏನೂ ಅರಿಯದವರಂತೆ ಕುಳಿತು ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

ನಾನು ಹೆದರಿದೆ ಎಂದು ಬರೆಯಲು ಸಂಕೋಚವಿಲ್ಲ. ಗುಂಡಿಯಲ್ಲಿ ನನ್ನ ಮುಷ್ಟಿಯನ್ನು ಇಟ್ಟು ಅಳೆದೆ. ಅಜ್ಜನ ಒಂದು ಹಿಡಿ ನನ್ನ ಎರಡು ಹಿಡಿ, ಅಷ್ಟೇ. ನನ್ನ ಲೆಕ್ಕದ ಅರ್ಧ. ಉಳಿದ ಅರ್ಧವನ್ನು ಸೇರಿಸಬಹುದಿತ್ತು. ಆದರೆ ಅಜ್ಜ ಒಮ್ಮೆ ಹಾಕಿದರೋ, ಗುಂಡಿ ಕುಸಿದ ಮೇಲೆ ಇನ್ನೊಮ್ಮೆ ಹಾಕಿದರೋ ಎಂದು ಆಣೆಯಿಟ್ಟು ಹೇಳುವವರಿಲ್ಲ, ರುಚಿ ನೋಡುವಂತಿಲ್ಲ. ಹೆಚ್ಚಾದರೆ ನೂರು ಜನರಿಗೆ ಹೆಚ್ಚು, ಕಡಿಮೆಯಾದರೆ ಹೋಗುವುದು ನನ್ನ ಮರಿಗೆ ಮಾತ್ರ. ಕರಗಿಸಲು ತೆಗೆದಿಟ್ಟಿದ್ದ ನೀರನ್ನು ತುಳಸಿಗೆ ಚೆಲ್ಲಿದೆ. ಉಪ್ಪನ್ನು ಮತ್ತೆ ಸವರಿ ಮುಚ್ಚಿದೆ. ಮೊದಲು ನಿಮ್ಮ ಎಲೆಗೆ, ಆಮೇಲೆ ಪಂಕ್ತಿಗೆ ಬಡಿಸಿ ಎಂದೆ.

ಅಜ್ಜ ಪಂಕ್ತಿಯ ತಲೆಯಲ್ಲಿ ಕುಳಿತಿದ್ದರು. ಬಡಿಸುವ ಮೊದಲೇ ಪಕ್ಕದವರ ಕಿವಿಯಲ್ಲಿ ತಾವು ಉಪ್ಪು ಹಾಕಿದ ಗುಟ್ಟು ಹೇಳಿದ್ದರು, ಅದು ಕಿವಿಯಿಂದ ಕಿವಿಗೆ ಹರಿಯುತ್ತ ಮುದುಕರನ್ನೆಲ್ಲ ಮುಟ್ಟಿತ್ತು. ಮೊದಲ ತುತ್ತಿಗೆ ಅವರು ಕಣ್ಣು ಮುಚ್ಚಿದರು.

"ಈಗ ನೋಡು. ಇದಕ್ಕೆ ಊಟ ಹೇಳೂದು. ಹಿರಿಯರು ಎದ್ದು ಬರ್ತ್ರು ಇದಕ್ಕೆ."

ಅವರ ಎದುರಿಗೆ ಕುಳಿತ ದೇವಮ್ಮತ್ತೆ ಬೆರಳು ಚೀಪುತ್ತ, "ನಿಮ್ಮ ಮೊಮ್ಮಗಳ ಕೈ ಅಂತೂ ಬಿಗಿ ಬಿಟ್ಟದೆ" ಎಂದರು.

"ಅವಳ ಕೈಯಾ?" ಎಂದು ಅಜ್ಜ ಗಂಭೀರವಾಗಿ ನಕ್ಕು ಎರಡನೆಯ ಸಲ ಸಾರು ಹಾಕಿಸಿಕೊಂಡರು.

ಗುನಗಿ ಅಕ್ಕೋರು ಎಲೆ ನೋಡಲು ಎದ್ದಾಗ ನಾನು ಕಂಬದ ಹಿಂದೆ ನಿಂತಿರಲಿಲ್ಲ, ಅವರ ಹಿಂದೆಯೇ ನಡೆದೆ. ಮುದುಕರ ಎಲೆಗಳಲ್ಲಿ ತುದಿಯ ಉಪ್ಪು ಬಡಿಸಿದ ಹಾಗೆಯೇ ಇತ್ತು. ಪಿಸುಮಾತು ಕೇಳಿದವರು ಅವರು, ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಆದರೆ ಪಂಕ್ತಿಯ ಕೊನೆಯಲ್ಲಿ ಏನೂ ಕೇಳದೆ ಕುಳಿತು ಉಂಡ ಮಕ್ಕಳ, ಬಡಿಸಿ ದಣಿದು ಕೊನೆಗೆ ಕುಳಿತ ಹೆಂಗಸರ ಎಲೆಗಳಲ್ಲೂ ಉಪ್ಪು ಹಾಗೆಯೇ ಇತ್ತು. ಬೆರಳು ತಾಗಿದ ಎಲೆಗಳು ಹತ್ತರ ಒಳಗೇ. ಅಜ್ಜನ ಎಲೆಯ ಮುಂದೆ ಅಕ್ಕೋರು ನಿಂತರು. ಅಲ್ಲಿ ಚಿಟಿಕೆ ಉಪ್ಪು ಒಂದು ಕಾಳೂ ಕದಲದೆ ಕುಳಿತಿತ್ತು. ಮರಿಗೆ ನನ್ನಲ್ಲೇ ಉಳಿಯಿತು ಎಂದು ಅವರು ಗಟ್ಟಿಯಾಗಿ ಹೇಳಿದರು. ಎಡೆ ಇಟ್ಟ ಮೇಲೆ ನಾನೂ ರುಚಿ ನೋಡಿದ್ದೆ, ಬಿದ್ದದ್ದು ಒಂದೇ ಹಿಡಿ. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಅಜ್ಜಾ, ಇವತ್ತು ನಾ ಒಂದು ಕಾಳೂ ಹಾಕ್ಲಿಲ್ಲ. ಸಾರಿಗೆ ಬಿದ್ದದ್ದು ನಿನ್ನ ಒಂದು ಹಿಡಿ ಮಾತ್ರ. ನಾ ಯಾವಾಗ್ಲೂ ಹಾಕೂದರ ಅರ್ಧ."

ಮೊದಲು ದೇವಮ್ಮತ್ತೆ ನಗಲು ಶುರುಮಾಡಿದರು, ಅದು ಪಂಕ್ತಿಯ ಕೊನೆಯವರೆಗೂ ಹೋಯಿತು. ವಾರವಿಡೀ ಹಳೆಯ ಉಪ್ಪಿಗಾಗಿ ಹಟ ಹಿಡಿದಿದ್ದ ಮನುಷ್ಯ, ಈ ಊರು ಇದುವರೆಗೆ ಉಂಡ ಅತ್ಯಂತ ಕಡಿಮೆ ಉಪ್ಪಿನ ಎಡೆಯ ಸಾರನ್ನು ಎರಡು ಸಲ ಹಾಕಿಸಿಕೊಂಡು, ಎಲೆತುದಿಯನ್ನು ಮುಟ್ಟದೆ, ಹಿರಿಯರು ಎದ್ದು ಬರುತ್ತಾರೆಂದು ಹೊಗಳಿದ್ದರು. ಅವರ ಬಾಯಲ್ಲಿರುವುದೂ ನಮ್ಮದೇ ನಾಲಿಗೆ. ತೊಂಬತ್ತಾರು ವರ್ಷದಲ್ಲಿ ಈ ಊರು ಗೆದ್ದದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಆ ಎಲೆಯನ್ನು ತೋರಿಸುತ್ತೇನೆ.

ಅಜ್ಜ ಸೋಲನ್ನು ಸೋಲೆಂದು ಒಪ್ಪುವವರಲ್ಲ. ಎಲೆ ಮಡಿಸಿ, ಕೈ ತೊಳೆದು ಬಂದು ಎಲ್ಲರ ಮುಂದೆ ನಿಂತರು.

"ಹಂಗಾರೆ ಅರ್ಧ ಉಪ್ಪಿನಲ್ಲಿ ಊರನ್ನೇ ಉಣ್ಣಿಸಿದ ಕೈ ನಂದು. ಪರೀಕ್ಷೆ ಇಲ್ಲದೇ ಪಾಸಾದವ ನಾನು. ಬರೂ ವರ್ಷ ಮರಿಗೆ ನಂಗೆ ಕೊಡು, ತಂಗೀ."

ಸುಮಾರು ಅರವತ್ತು ಜನ ಕೈಯೆತ್ತಿದರು. ಅಕ್ಕೋರು ಕೂಡ ನಗು ತಡೆಯಲಾರದೆ, ನಿಯಮದ ಪ್ರಕಾರ ಉಪ್ಪುಗೈ ಸೂರ್ಯ ಮುಳುಗುವುದರೊಳಗೆ ಹಿರಿಯರ ಸಾಕ್ಷಿಯಲ್ಲಿ ಉತ್ತರ ಕೊಡತಕ್ಕದ್ದು ಎಂದರು. ಆದ್ದರಿಂದಲೇ ನಾನು ನಿಮ್ಮ ಎಲೆಯ ಬದಿಗೆ ಕುಳಿತು ಬರೆಯುತ್ತಿದ್ದೇನೆ. ಅಜ್ಜ ಬಾಗಿಲಲ್ಲಿ ನಿಂತು ಇಣುಕುತ್ತಿದ್ದಾರೆ, ಓದಲು ಕನ್ನಡಕ ತಂದಿಲ್ಲ.

ಹಿರಿಯರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಇಂದು ಸಂಜೆಯ ಸಾರಿಗೆ ಅರ್ಧ ಹಾಕಿ. ಮನೆಯವರಿಗೆ ಹೇಳಬೇಡಿ. ಉಳಿದದ್ದನ್ನು ಎಲೆಯ ತುದಿಗೆ ಇಟ್ಟು, ಒಂದು ತಿಂಗಳು ಕಳೆದ ಮೇಲೆ ಯಾರು ಮುಟ್ಟಿದರು ಎಂದು ನೋಡಿ. ಔಷಧ ತೆಗೆದುಕೊಳ್ಳುತ್ತಿರುವವರು ನಿಮ್ಮ ವೈದ್ಯರನ್ನು ಕೇಳಿ, ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ನೀವು ಅಲ್ಲಿ ಇಳಿಸಿದ ಪ್ರತಿಯೊಂದು ಹಿಡಿಯೂ ಇಲ್ಲಿ ಒಬ್ಬರ ಬಲಗೈಯಲ್ಲಿ ಹಲಗೆಯನ್ನು ಹಿಡಿಸಿ ನಿಲ್ಲಿಸುತ್ತದೆ. ಅವರಲ್ಲಿ ಒಬ್ಬರು ತೊಂಬತ್ತೊಂದನೆಯ ವಯಸ್ಸಿನಲ್ಲಿ ನನ್ನ ಅಡುಗೆಮನೆಗೆ ಕದ್ದು ನುಗ್ಗುವಷ್ಟು ಗಟ್ಟಿಯಾಗಿದ್ದಾರೆ.

ಬಿಸಿಲು ಆಗರದ ಆಚೆಗೆ ಇಳಿದಿದೆ, ನಿಮ್ಮ ಎಡೆಯನ್ನು ಎತ್ತಲು ಜನ ಬಂದಿದ್ದಾರೆ. ಹಮ್ಮಣ್ಣ ನಾಯಕರಿಗೂ, ಅವರಿಗಾಗಿ ಕೈಯೆತ್ತಿದವರಿಗೂ ನನ್ನ ಉತ್ತರವನ್ನು ಇಲ್ಲಿ ದಾಖಲಿಸುತ್ತೇನೆ.

ಮರಿಗೆಯನ್ನು ಕೊಡುವುದಿಲ್ಲ.