ದಿಲ್ಲಿಗೆ ಹೋದ ಅರ್ಜಿ

ಮಂಡ್ಯ
೧೭ ಆಗಸ್ಟ್ ೧೯೭೮

ಪ್ರೀತಿಯ ಗೋದಾ,

ನಿನ್ನ ಎರಡು ಕಾಗದಗಳೂ ಬಂದು ಸೇರಿವೆ. ಒಂದು ಜುಲೈ ತಿಂಗಳದು, ಇನ್ನೊಂದು ಮೊನ್ನೆಯದು. "ಅಕ್ಕ ಇದ್ದಾಳೋ ಇಲ್ಲವೋ ಅಂತ ನೋಡೋಕೆ ನಾನೇ ಬಸ್ಸು ಹತ್ತಿ ಬರಬೇಕಾ" ಅಂತ ಕೇಳಿದ್ದೀಯ. ಬೈಸಿಕೊಳ್ಳುವ ಹಾಗೇ ನಡೆದುಕೊಂಡಿದ್ದೇನೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಮಂಡ್ಯಕ್ಕೂ ಮಳವಳ್ಳಿಗೂ ಎಷ್ಟು ದೂರ? ಆರು ವಾರದಲ್ಲಿ ಒಂದು ಕಾರ್ಡು ಹಾಕಲಿಲ್ಲ. ಮೂರು ಸಲ ಇನ್‌ಲ್ಯಾಂಡ್ ತೆಗೆದು, ನಿನ್ನ ಹೆಸರು ಬರೆದು, ಹಾಗೇ ಮಡಚಿಟ್ಟೆ.

ಪುಟ್ಟಿಯ ಗಂಟಲಿನ ಊತ ಇಳಿಯಿತು ಅಂತ ಓದಿ ಸಮಾಧಾನವಾಯಿತು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸೋದನ್ನು ಇನ್ನೂ ನಾಲ್ಕು ದಿನ ಬಿಡಿಸಬೇಡ. ನಿನ್ನ ಯಜಮಾನರಿಗೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಶಿಫ್ಟು ಬದಲಾಗಿದ್ದೂ ಒಳ್ಳೆಯದಾಯಿತು. ಇನ್ನಾದರೂ ಮನೆಯಲ್ಲಿ ಒಟ್ಟಿಗೆ ಕೂತು ಊಟ ಮಾಡಿ.

ಫೆಲೋಶಿಪ್ಪಿನ ವಿಷಯ ನಿನಗೆ ಚೂರುಚೂರಾಗಿ ಬರೆದಿದ್ದೆ. ಇವತ್ತು ಮೊದಲಿನಿಂದ ಬರೆಯುತ್ತೇನೆ. ಕೇಂದ್ರದಲ್ಲಿ ರಜೆ ಹಾಕಿ ಮನೆಯಲ್ಲೇ ಕೂತಿದ್ದೇನೆ, ಹೊತ್ತಿದೆ.

ಜನವರಿಯಲ್ಲಿ ನಮ್ಮ ಸಂಶೋಧನಾ ಕೇಂದ್ರದ ಬೋರ್ಡಿಗೆ ಆ ಸುತ್ತೋಲೆ ಅಂಟಿಸಿದ್ದರು. ವಿಶ್ವವಿದ್ಯಾಲಯಗಳ ವಿಜ್ಞಾನಿಗಳಲ್ಲಿ ಕೆಲವರನ್ನು ಆರಿಸಿ ಒಂದು ವರ್ಷ ದಿಲ್ಲಿಯ ಮಂತ್ರಾಲಯದಲ್ಲಿ ಕೂರಿಸುತ್ತಾರಂತೆ. ಸರ್ಕಾರ ನೀತಿ ರೂಪಿಸುವಾಗ ಪಕ್ಕದಲ್ಲಿ ವಿಷಯ ಬಲ್ಲವರೊಬ್ಬರು ಇರಲಿ ಅಂತ. ವಯಸ್ಸು ನಲವತ್ತೆರಡು ದಾಟಿರಬಾರದು. ನನಗೆ ಬರುವ ಅಕ್ಟೋಬರಿಗೆ ನಲವತ್ತೆರಡು ತುಂಬುತ್ತೆ. ಇದೇ ಮೊದಲು, ಇದೇ ಕೊನೆ ಅಂತ ಅಲ್ಲೇ ನಿಂತು ಲೆಕ್ಕ ಹಾಕಿಕೊಂಡೆ.

ನಿನಗೆ ಗೊತ್ತು, ಹದಿನಾರು ವರ್ಷ ಈ ಜಿಲ್ಲೆಯ ಮಣ್ಣು ಜಾಲಿಸಿದ್ದೇನೆ. ನನ್ನ ಹಿಂದೆ ಸೇರಿದವರು ಇಬ್ಬರು ಪ್ರೊಫೆಸರಾದರು. ಕಡೆಯ ಆರು ವರ್ಷ ನಾನು ಅಳೆದದ್ದು ಕೊತ್ತತ್ತಿಯ ತಗ್ಗು ಬಯಲು. ನಾಲೆಯ ನೀರು ಬಂದದ್ದೇನೋ ಬಂತು, ಬಸಿದು ಹೋಗುವುದಕ್ಕೆ ದಾರಿ ಮಾಡಲಿಲ್ಲ. ನೆಲದಡಿಯ ನೀರು ವರ್ಷ ವರ್ಷ ಮೇಲೇರಿ, ಮಣ್ಣಿನ ಮೇಲೆ ಬಿಳಿಯ ಉಪ್ಪು ಕೂತಿತು. ತಗ್ಗಿನಲ್ಲಿರುವ ಕಾಲೋನಿಯ ಬಾವಿ ಕೆಟ್ಟಿತು. ಅವರಿಗೆ ಇರುವುದು ಅದೊಂದೇ ಬಾವಿ.

ಆ ಕಾಲೋನಿಯ ಪಟ್ಟಲಮ್ಮನ ವಿಷಯ ನಿನಗೆ ಹೇಳಿದ್ದೆನಲ್ಲ, ನಾಟಿ ಕೂಲಿಗೆ ಹೋಗುವ ಹೆಂಗಸು. ಆರು ವರ್ಷವೂ ತಿಂಗಳಿಗೊಂದು ಸಲ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ ಕೊಟ್ಟವಳು ಅವಳೇ. ಎರಡು ವರ್ಷದ ಹಿಂದೆ ಅವರೆಲ್ಲರ ಪರವಾಗಿ ನಾನೇ ಒಂದು ಮನವಿ ಬರೆದುಕೊಟ್ಟಿದ್ದೆ, ಮೇಲಿನ ದಿಣ್ಣೆಯಲ್ಲಿ ಹೊಸ ಬಾವಿ ತೋಡಿಸಿಕೊಡಿ ಅಂತ. ನನ್ನ ವರದಿಯನ್ನೂ ಅದಕ್ಕೆ ಸೇರಿಸಿದ್ದೆ. ನಾಲೆಯ ಕಚೇರಿಯಿಂದ ಜವಾಬೇ ಬಂದಿರಲಿಲ್ಲ.

ಅರ್ಜಿಯನ್ನು ಮೇಲಧಿಕಾರಿಯ ಮೂಲಕ ಕಳಿಸಬೇಕು. ನಮ್ಮ ವಿಭಾಗದ ಮುಖ್ಯಸ್ಥರಾದ ಯೋಗಾನರಸಿಂಹ ಅವರ ಮೇಜಿನ ಮೇಲೆ ಅದು ಮೂರು ವಾರ ಬಿದ್ದಿತ್ತು. ಕೆಟ್ಟವರಲ್ಲ ಅವರು. ಏನನ್ನಾದರೂ ಮುಂದಕ್ಕೆ ಕಳಿಸುವುದೆಂದರೆ ಅವರಿಗೆ ಜ್ವರ ಬಂದ ಹಾಗಾಗುತ್ತದೆ, ಅಷ್ಟೆ.

"ರಂಗನಾಯಕಿ, ಒಂಟಿ ಹೆಣ್ಣುಮಗಳು ನೀನು. ದಿಲ್ಲಿ, ಚಳಿ, ಹಿಂದಿ. ಯಾಕಮ್ಮ ಇದೆಲ್ಲ? ಇಲ್ಲೇ ಇದ್ದರೆ ಇವತ್ತಲ್ಲ ನಾಳೆ ಪ್ರೊಫೆಸರ್ ಆಗ್ತೀಯ" ಅಂದರು.

"ಹತ್ತು ವರ್ಷದಿಂದ ಇದನ್ನೇ ಹೇಳ್ತಿದ್ದೀರಿ ಸಾರ್" ಅಂದೆ.

ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ರುಜು ಹಾಕಿದರು.

ಅರ್ಜಿಯ ಜೊತೆಗೆ 'ಸರ್ಕಾರಕ್ಕೆ ನಿಮ್ಮ ಸಲಹೆ ಏನು' ಅಂತ ಐದು ಪುಟದ ಟಿಪ್ಪಣಿ ಕೇಳಿದ್ದರು. ನಾಲ್ಕು ಪುಟ ಮಣ್ಣು ಪರೀಕ್ಷೆ, ಗೊಬ್ಬರ, ಪ್ರಯೋಗಾಲಯಗಳ ಮಾತು. ಅದನ್ನು ಯಾರು ಬೇಕಾದರೂ ಬರೆಯುತ್ತಿದ್ದರು. ಐದನೆಯ ಪುಟ ಮಾತ್ರ ನನ್ನದು. ಹಳೆಯ ಬಯಲುಗಳಲ್ಲಿ ಬಸಿಗಾಲುವೆ ತೋಡುವ ತನಕ ನಾಲೆಯನ್ನು ಹೊಸ ಊರುಗಳಿಗೆ ವಿಸ್ತರಿಸಬೇಡಿ, ಕೆಟ್ಟ ಬಾವಿಗಳ ಬದಲು ಬೇರೆ ಬಾವಿ ಕೊಡಿ ಅಂತ ಕೊತ್ತತ್ತಿಯ ಉದಾಹರಣೆ ಇಟ್ಟು ಬರೆದೆ.

ಅದನ್ನು ಕಳಿಸುವ ಮುಂಚೆ ಕಡೆಯ ಸಲ ಅಳತೆ ತೆಗೆಯಲು ಕಾಲೋನಿಗೆ ಹೋಗಿದ್ದೆ. ಪಟ್ಟಲಮ್ಮ ಒಲೆಯ ಮುಂದೆ ಕೂತಿದ್ದಳು. "ಬೆಳಿಗ್ಗೆಯಿಂದ ಬೇಯಿಸ್ತಾ ಇವ್ನಿ ಕಣವ್ವ, ಈ ನೀರ್ನಲ್ಲಿ ಬ್ಯಾಳೆ ಬೇಯಕಿಲ್ಲ. ಮಕ್ಕಳಿಗೆ ದಿನಾ ವಟ್ಟೆ ನೋವು. ಮೇಗಲ ಬೀದಿಯೋರು ಅವ್ರ ಬಾವಿ ತಾವ್ಕೆ ನಮ್ಮನ್ನ ಬುಡಕಿಲ್ಲ" ಅಂದಳು. ದಿಲ್ಲಿಯ ವಿಷಯ ಹೇಳಿದೆ. ಒಲೆಗೆ ಇನ್ನೊಂದು ಸೌದೆ ನೂಕಿದಳು. "ಅಲ್ಲಿ ದೊಡ್ಡೋರ ತಾವು ನಮ್ಮ ಬಾವಿ ಇಸ್ಯ ಏಳ್ತೀರಾ?"

"ಹೇಳ್ತೀನಿ" ಅಂದೆ. "ಕಾಗದದಲ್ಲೇ ಬರೆದಿದ್ದೀನಿ."

ಸಂದರ್ಶನ ಮೇ ಇಪ್ಪತ್ತೆರಡು, ಬೆಂಗಳೂರಿನ ಒಂದು ಅತಿಥಿಗೃಹದಲ್ಲಿ. ಬೆಳಗಿನ ರೈಲಿಗೆ ಹೊರಟೆ. ಮದ್ದೂರಿನಲ್ಲಿ ಕ್ರಾಸಿಂಗಿಗೆ ಅರ್ಧ ಗಂಟೆ ನಿಲ್ಲಿಸಿದರು. ಅಷ್ಟು ಹೊತ್ತೂ ನನ್ನ ಉತ್ತರಗಳನ್ನು ಇಂಗ್ಲಿಷಿನಲ್ಲಿ ಒಪ್ಪಿಸಿಕೊಳ್ಳುತ್ತಾ ಇದ್ದೆ. ಎದುರಿಗೆ ಕೂತಿದ್ದ ಮುದುಕಿ, "ಪರೀಕ್ಸೆನಾ ಮಗಾ?" ಅಂದಳು. ಹೌದು ಅಂದೆ. "ಪಾಸಾಯ್ತೀಯ ಬುಡು, ಮೊಕ ನೋಡುದ್ರೆ ಗೊತ್ತಾಯ್ತದೆ" ಅಂದಳು. ನಗು ಬಂತು. ಗೋದಾ, ಆ ಅರ್ಧ ಗಂಟೆ ನಾನು ನಿಜವಾಗಿ ಸಂತೋಷವಾಗಿದ್ದೆ.

ಮೂವರು ಕೂತಿದ್ದರು. ಅಧ್ಯಕ್ಷರು ವಯಸ್ಸಾದವರು, ಬಹಳ ಸೌಜನ್ಯದ ಮನುಷ್ಯ. ಪ್ರತಿ ಮಾತಿಗೂ "ಡಾಕ್ಟರ್ ರಂಗನಾಯಕಿ" ಅನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ನಮ್ಮ ಕೇಂದ್ರದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿಲ್ಲ. ಅವರ ಎಡಗಡೆ ನಾಲೆಯ ವಿಸ್ತರಣೆ ನೋಡಿಕೊಳ್ಳುವ ಒಬ್ಬ ಅಧಿಕಾರಿ. ಇನ್ನೊಬ್ಬರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಮುಕ್ಕಾಲು ಗಂಟೆ ಚೆನ್ನಾಗಿಯೇ ನಡೆಯಿತು. ತಡವರಿಸದೆ ಉತ್ತರ ಹೇಳಿದೆ. ಅಧ್ಯಕ್ಷರು ಎರಡು ಸಲ ತಲೆದೂಗಿದರು.

ಆಮೇಲೆ ಅವರು ಟಿಪ್ಪಣಿಯ ಕಡೆಯ ಹಾಳೆಯನ್ನು ಬೇರೆ ತೆಗೆದು ನನ್ನ ಮುಂದಿಟ್ಟರು. "ನಾಲ್ಕು ಪುಟ ಬಹಳ ಚೆನ್ನಾಗಿದೆ. ಈ ಐದನೆಯದು ಬೇಕೇ? ವಿಸ್ತರಣೆಗೆ ಆಗಲೇ ಮಂಜೂರಾತಿ ಸಿಕ್ಕಿದೆ. ಮಂತ್ರಾಲಯದಲ್ಲಿ ಕೂರುವವರು ಮಂತ್ರಾಲಯದ ಜೊತೆ ನಡೆಯಬೇಕಾಗುತ್ತೆ. ಇದನ್ನು ಕೈಬಿಡುತ್ತೀರಾ?" ಅಂತ ಕೇಳಿದರು. ಗದರಿಸುವ ಧ್ವನಿಯೇ ಅಲ್ಲ. ಇನ್ನೊಂದು ಲೋಟ ಕಾಫಿ ತಗೋತೀರಾ ಅಂತ ಕೇಳಿದ ಹಾಗಿತ್ತು.

ಜುಲೈ ಮೂರಕ್ಕೆ ಕಾಗದ ಬಂತು. ಅಚ್ಚು ಮಾಡಿದ ಕಾಗದ, ನನ್ನ ಹೆಸರನ್ನು ಮಾತ್ರ ಟೈಪು ಮಾಡಿ ತುಂಬಿದ್ದರು. ತಮ್ಮನ್ನು ಆಯ್ಕೆ ಮಾಡಲಾಗಿಲ್ಲವೆಂದು ತಿಳಿಸಲು ವಿಷಾದ. ಯಾರನ್ನು ಆರಿಸಿದರು, ಯಾಕೆ ನನ್ನನ್ನು ಬಿಟ್ಟರು, ಒಂದೂ ಇಲ್ಲ. ಆ ದಿನ ಪ್ರಯೋಗಾಲಯದಲ್ಲಿ ಮಧ್ಯಾಹ್ನದ ತನಕ ಕೆಲಸ ಮಾಡಿದೆ. ಏನು ತೂಗಿದೆ, ಏನು ಬರೆದೆ ನೆನಪಿಲ್ಲ. ಮಾರನೆಯ ದಿನ ನೋಡಿದರೆ ಅಂಕಿಗಳೆಲ್ಲ ತಪ್ಪು.

ಅಧ್ಯಕ್ಷರು ಐದನೆಯ ಪುಟ ಬಿಡಲು ಕೇಳಿದ್ದರು ಅಂತ ಯೋಗಾನರಸಿಂಹ ಅವರಿಗೆ ಹೇಳಿದ್ದೆ, ನಿನಗೂ ಬರೆದಿದ್ದೆ. ಅವರು ಅದನ್ನು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಹೇಳಿದರು: "ನಮ್ಮ ರಂಗನಾಯಕಿ ಒಪ್ಪಲಿಲ್ಲ, ಅದಕ್ಕೇ ಕೊಡಲಿಲ್ಲ." ಎಂದೂ ನನ್ನ ಜೊತೆ ಕಾಫಿ ಕುಡಿಯದವರು ಬಂದು ಪಕ್ಕದಲ್ಲಿ ಕೂತರು. ಆ ಮೇಲೆ ನಿನ್ನ ಕಾಗದ. "ನಿಜ ಹೇಳಿದ್ದಕ್ಕೆ ಬಿಟ್ಟರಲ್ಲ ಅಕ್ಕ, ಇದು ಸೋಲಲ್ಲ. ನಮ್ಮ ಸ್ಕೂಲಿನ ಹೆಣ್ಣುಮಕ್ಕಳಿಗೆ ನಿನ್ನ ವಿಷಯ ಹೇಳಿದೆ" ಅಂತ ಬರೆದಿದ್ದೀಯ. ಆ ಸಾಲಿಗೆ ಏನಂತ ಉತ್ತರ ಬರೆಯಲಿ ಅಂತಲೇ ಆರು ವಾರ ಹೋಯಿತು.

ಹೋದ ಭಾನುವಾರ ಪಟ್ಟಲಮ್ಮ ಕೊತ್ತತ್ತಿಯಿಂದ ಮನೆಗೇ ಬಂದಳು. ಕೈಯಲ್ಲಿ ಕಂದು ಬಣ್ಣದ ಲಕೋಟೆ. ಎರಡು ವರ್ಷದ ಮೇಲೆ ಅವರ ಮನವಿಗೆ ಜವಾಬು ಬಂದಿತ್ತು. "ಊರಲ್ಲಿ ಯಾರ ಕೈಲೂ ಓದಿಸ್ನಿಲ್ಲ ಕಣವ್ವ. ನೀವು ಬರ್ದಿದ್ದು, ನೀವೇ ಓದ್ಬೇಕು ಅಂತ ತಂದೆ" ಅಂದಳು. ಒಳಗೆ ಬಂದು ಕುರ್ಚಿಯಲ್ಲಿ ಕೂರು ಅಂದರೂ ಹೊಸಿಲ ಆಚೆ ಜಗುಲಿಯ ಮೇಲೇ ಕೂತಳು. ನಾನೂ ಅಲ್ಲೇ ಕೂತು ಓದಿ ಹೇಳಿದೆ. ಹೊಸ ಬಾವಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ, ಕಡತ ಮುಕ್ತಾಯ.

ಅವಳು ಅಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಓಗ್ಲಿ ಬುಡಿ. ನಮ್ಮ ಪರ ಮಾತಾಡಿ ನಿಮ್ಗೂ ಕೆಲ್ಸ ತಪ್ತಂತಲ್ಲ. ನಮ್ಮಿಂದ ನಿಮ್ಗೂ ಕೆಟ್ಟದಾಯ್ತು" ಅಂದಳು. ನನ್ನನ್ನೇ ಸಮಾಧಾನ ಮಾಡಿದಳು ಗೋದಾ. ಸುದ್ದಿ ಕಾಲೋನಿಯ ತನಕ ಹೋಗಿದೆ.

ಅವತ್ತಿನಿಂದ ಕೇಂದ್ರಕ್ಕೆ ಹೋಗಿಲ್ಲ. ಮೈಯಲ್ಲಿ ಏನೂ ಕಾಯಿಲೆಯಿಲ್ಲ, ಹೆದರಬೇಡ. ಅನ್ನ ಮಾಡುತ್ತೇನೆ, ಉಣ್ಣಲು ಕೂತರೆ ಸೇರುವುದಿಲ್ಲ. ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಯಾವುದಕ್ಕೂ ನಾನು ತಕ್ಕವಳು ಅನ್ನಿಸುವುದಿಲ್ಲ. ಅಪ್ಪ ಮೇಲುಕೋಟೆಯಲ್ಲಿ ಎಲ್ಲರ ಮಾತು ಕೇಳಿಸಿಕೊಂಡು ನನ್ನನ್ನು ಮೈಸೂರಿಗೆ ಓದಲು ಕಳಿಸಿದರಲ್ಲ, ಅದು ಇದಕ್ಕಾ ಅಂತ ಕೇಳಿಕೊಳ್ಳುತ್ತೇನೆ. ನೀನು ಬಂದು ನೋಡುವುದು ಬೇಡ. ಬಂದರೆ ನಿನ್ನ ಮುಖ ನೋಡಲಾರೆ.

ಪುಟ್ಟಿ ಗಟ್ಟಿಮುಟ್ಟಾಗಿ ಬೆಳೆಯಲಿ. ಅವಳು ಆಸೆಪಟ್ಟದ್ದು ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇರಲಿ. ನಿಮ್ಮಿಬ್ಬರಿಗೂ ದೇವರು ಆರೋಗ್ಯ ಕೊಡಲಿ, ಮನೆಯಲ್ಲಿ ನಗು ಇರಲಿ. ಇಷ್ಟನ್ನು ಪೂರ್ತಿ ಮನಸ್ಸಿನಿಂದ ಹರಸುತ್ತೇನೆ.

ನಿನ್ನ ಅಕ್ಕ,
ರಂಗನಾಯಕಿ

ಮರುಬರಹ: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅಧ್ಯಕ್ಷರು ಕೇಳಿದಾಗ ನಾನು "ಆಗಬಹುದು ಸಾರ್" ಅಂದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಅವರು ತಮ್ಮ ಪೆನ್ನನ್ನೇ ಕೊಟ್ಟರು. ಐದನೆಯ ಪುಟಕ್ಕೆ ಅಡ್ಡಗೆರೆ ಎಳೆದು, 'ಈ ಶಿಫಾರಸನ್ನು ಹಿಂದೆಗೆದುಕೊಂಡಿದ್ದೇನೆ' ಅಂತ ಬರೆದು, ರುಜು ಮಾಡಿ ತಾರೀಖು ಹಾಕಿದೆ. ದಿಲ್ಲಿಗೆ ಹೋದ ಮೇಲೆ ಒಳಗಿನಿಂದಲೇ ಹೇಳೋಣ ಅಂದುಕೊಂಡೆ ಅಂತ ನಿನಗೆ ಬರೆಯಬಹುದಿತ್ತು. ಆ ಯೋಚನೆ ಹುಟ್ಟಿದ್ದು ಹೊರಗೆ ಬಂದ ಮೇಲೆ. ಆ ಹೊತ್ತಿನಲ್ಲಿ ನನಗೆ ಆ ಕುರ್ಚಿ ಬೇಕಾಗಿತ್ತು. ಪಕ್ಕದಲ್ಲಿದ್ದ ನಾಲೆಯ ಅಧಿಕಾರಿ ಆ ಹಾಳೆಯ ಒಂದು ಪ್ರತಿ ನನಗಿರಲಿ ಅಂತ ತೆಗೆದುಕೊಂಡರು.

ಪಟ್ಟಲಮ್ಮ ತಂದ ಕಾಗದದಲ್ಲಿ ಇನ್ನೊಂದು ಸಾಲಿತ್ತು. 'ಸದರಿ ಬಾವಿಯ ಬಗ್ಗೆ ವರದಿ ನೀಡಿದ್ದ ವಿಜ್ಞಾನಿಯವರೇ ದಿನಾಂಕ ೨೨-೫-೧೯೭೮ರಂದು ತಮ್ಮ ಶಿಫಾರಸನ್ನು ಹಿಂದೆಗೆದುಕೊಂಡಿರುವುದರಿಂದ' ಅಂತ. ಅದನ್ನು ಬಿಟ್ಟು ಓದಿದೆ. ಅವಳು ನನ್ನ ಬೆರಳು ಹೋದ ಕಡೆಯೇ ನೋಡುತ್ತಿದ್ದಳು.

"ಪೂರ್ತಿ ಓದಿದ್ರಾ ಅವ್ವಾ?" ಅಂದಳು.

"ಪೂರ್ತಿ ಓದಿದೆ" ಅಂದೆ.

ನಂಬಿ ಎದ್ದು ಹೋದಳು.