ಅತ್ತೆ ತುಂಬಿದ ಉಡಿ

ಇರಕಲ್ಲಗಡ
೧೬ ಜೂನ್ ೨೦೨೪, ಭಾನುವಾರ

ಮುನಿಸಿಕೊಂಡು ಚಿಕ್ಕಮ್ಮನ ಮನೆ ಸೇರಿದ ಮಹೇಶ್ವರಿಗೆ, ನಿನ್ನವ್ವನ ಆಶೀರ್ವಾದ.

ಗಂಗಾವತಿಗೆ ಹೋದಾಗಿನಿಂದ ನೀನು ಫೋನ್ ಎತ್ತುತ್ತಿಲ್ಲ. ಸಂದೇಶ ಕಳಿಸಿದರೆ ನೀಲಿ ಗೆರೆ ಮೂಡುತ್ತದೆ, ಉತ್ತರ ಬರುವುದಿಲ್ಲ. ಕಾಗದವಾದರೆ ನೀನು ಓದಿದೆಯೋ ಇಲ್ಲವೋ ನನಗೆ ತಿಳಿಯುವುದೇ ಇಲ್ಲ. ಅದೇ ವಾಸಿ ಅನಿಸಿ ಬರೆಯುತ್ತಿದ್ದೇನೆ.

ಲೆಕ್ಕ ತಿಳಿಯದಿದ್ದಾಗ ‘ಕೊಟ್ಟಿರುವುದನ್ನು ಮೊದಲು ಬರೆದುಕೊಳ್ಳಿ’ ಎಂದು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ನಾನೂ ಹಾಗೇ ಮಾಡುತ್ತೇನೆ. ನೀನು ಗಣಿತದ ಎಂ.ಎಸ್ಸಿ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದೆ. ‘ನೀನೂ ಹಾಕವ್ವಾ, ಒಬ್ಬಾಕಿನ ಓದಾಕ ಬ್ಯಾಸರ ಆಗ್ತೈತಿ, ಸೆಂಟರಿಗೂ ಜೋಡಿ ಆಗ್ತೈತಿ’ ಎಂದು ನನ್ನದನ್ನೂ ಹಾಕಿದೆ. ನಾನು ರೊಟ್ಟಿ ಬಡಿಯುವಾಗ ನೀನು ಪ್ರಶ್ನೆ ಓದುತ್ತಿದ್ದೆ. ಹಿಟ್ಟಿನ ಕೈಯಲ್ಲೇ ನಾನು ಉತ್ತರ ಹೇಳುತ್ತಿದ್ದೆ. ಪರೀಕ್ಷೆ ಬರೆದು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದೆವು. ಈಗ ಕಲಬುರಗಿಯಲ್ಲಿ ನಮ್ಮ ಕೆಟಗರಿಯ ಕೊನೆಯ ಸೀಟು ನನಗೆ ಬಂದಿದೆ. ಕಾಯುವವರ ಪಟ್ಟಿಯ ಮೊದಲ ಹೆಸರು ನಿನ್ನದು. ಗುರುವಾರದೊಳಗೆ ನಾನು ಹೋಗದಿದ್ದರೆ ಆ ಸೀಟು ನಿನ್ನದಾಗುತ್ತದೆ.

ಕೊಟ್ಟಿರುವುದು ಇಷ್ಟು. ಕಂಡುಹಿಡಿಯಬೇಕಾದದ್ದು ಏನೆಂಬುದೇ ನನಗೆ ತಿಳಿಯುತ್ತಿಲ್ಲ.

ನಾನು ನಿನಗಿಂತ ಜಾಣೆಯಲ್ಲ, ಇದು ನಿನಗೂ ಗೊತ್ತು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆ ಅದು. ಅನುಮಾನ ಬಂದ ಪ್ರಶ್ನೆಗಳನ್ನೆಲ್ಲ ನಾನು ಖಾಲಿ ಬಿಟ್ಟೆ. ನೀನು ಒಂದನ್ನೂ ಬಿಡಲಿಲ್ಲ. ‘ಬಿಡೂದು ಅಂಜುಬುರುಕರ ಕೆಲಸ’ ಎಂದು ನೀನು ನಕ್ಕಿದ್ದೆ. ಜೀವನದಲ್ಲಿ ಎಲ್ಲೂ ಬೆಲೆ ಸಿಗದ ನನ್ನ ಅನುಮಾನಕ್ಕೆ ಅದೊಂದು ಕಡೆ ಬೆಲೆ ಸಿಕ್ಕಿತು. ಹಾಗೆ ಬಂದ ಸೀಟು ನನ್ನ ಯೋಗ್ಯತೆಯೋ, ಅಂಜಿಕೆಯೋ?

ನಿಮ್ಮಪ್ಪನಿಗೆ ಗೊಂದಲವೇ ಇಲ್ಲ. ‘ಇದರಾಗ ವಿಚಾರ ಮಾಡೂದೇನೈತಿ? ಮಗಳಿಗೆ ಬಿಟ್ಟುಕೊಡು. ನೀ ಎಂ.ಎಸ್ಸಿ ಮಾಡಿದ್ರ ನಿನಗೇನ ಹೊಸಾ ಗಂಡು ನೋಡಬೇಕಾಗೈತೇನು?’ ಎಂದರು. ನಗು ಬಂತು. ಆಮೇಲೆ, ಹಾಗಾದರೆ ನಿನ್ನ ಓದೂ ಗಂಡು ನೋಡುವುದಕ್ಕೇ ಎಂದಾಯಿತಲ್ಲ ಎನಿಸಿ ನಗು ನಿಂತಿತು.

ಬಿಟ್ಟುಕೊಡುತ್ತೇನೆ ಎಂದು ನಿನಗೆ ಹೇಳಿದ್ದೆ. ನೀನು ಬ್ಯಾಗು ತುಂಬುತ್ತ ಏನೆಂದೆ ನೆನಪಿದೆಯೇ? ‘ನೀ ಬಿಟ್ಟಿದ್ದು ನನಗ ಬ್ಯಾಡ. ನೀ ಹೋದ್ರ ಅದನ್ನ ನೋಡಾಕೂ ಆಗಂಗಿಲ್ಲ.’ ಇದಕ್ಕೆ ಉತ್ತರವಿರುವ ಆಯ್ಕೆ ಯಾವುದು, ನೀನೇ ಹೇಳು. ನಿನಗೆ ಮುಂದಿನ ವರ್ಷ ಮತ್ತೆ ಪರೀಕ್ಷೆ ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ನನಗೂ ಇದೆ, ಯಾರೂ ಬೇಡವೆನ್ನುವುದಿಲ್ಲ. ಆದರೆ ‘ನೀನೂ ಹಾಕವ್ವಾ’ ಎನ್ನುವವರು ಯಾರು?

ಇಂದು ಬೆಳಿಗ್ಗೆ ಇನ್ನೊಂದು ನಡೆಯಿತು. ನಿನ್ನ ಆಯಿ ನನ್ನನ್ನು ದೇವರ ಮನೆಗೆ ಕರೆದರು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಎಲೆ ಅಡಿಕೆ, ಬೆಲ್ಲ, ಮೇಲೊಂದು ಹಸಿರು ಕುಪ್ಪಸದ ಖಣ. ಊರಿಗೆ ಹೊರಟವರಿಗೆ ಉಡಿ ತುಂಬುವ ಸಿದ್ಧತೆ. ನಿನಗೇ ಇರಬೇಕೆಂದುಕೊಂಡು, ಮಹೇಶ್ವರಿ ಗಂಗಾವತಿಯಲ್ಲಿದ್ದಾಳೆ ಅತ್ತೀ ಎಂದೆ.

‘ಗೊತ್ತೈತಿ. ನನಗ ಕಣ್ಣ ಮಂಜಾಗ್ಯಾವ, ತಲಿ ಅಲ್ಲ. ಸೆರಗ ಒಡ್ಡು’ ಎಂದರು.

ನಾನು ತವರಿನಿಂದ ಹೊರಡುವಾಗ ನನ್ನವ್ವ ಮುನಿರಾಬಾದಿನಲ್ಲಿ ಉಡಿ ತುಂಬುತ್ತಿದ್ದಳು. ಓದಲು ಹೊರಟ ಸೊಸೆಗೆ ಅತ್ತೆ ಉಡಿ ತುಂಬಿದ್ದನ್ನು ನಾನು ಕಂಡಿಲ್ಲ. ಅಕ್ಕಿ ಸೆರಗಿಗೆ ಬಿದ್ದ ಮೇಲೆ ಒಂದು ಹಿಡಿ ತೆಗೆದು ಮೊರಕ್ಕೆ ಹಿಂದಿರುಗಿಸಬೇಕಲ್ಲ, ಹೋಗುವವಳು ಮನೆಯ ಸಿರಿಯನ್ನೆಲ್ಲ ಒಯ್ಯಬಾರದೆಂದು? ಅದಕ್ಕೆ ಕೈ ಹಾಕಿದರೆ ಆಯಿ ನನ್ನ ಮುಂಗೈ ಹಿಡಿದುಬಿಟ್ಟರು. ‘ಬ್ಯಾಡ. ಈ ಮನಿಗೆ ಇಲ್ಲಿತನಕ ಹಾಕೇ ಹಾಕೀದಿ. ಈಗ ಎಲ್ಲಾ ಒಯ್ಯಿ.’

ಮಗಳಂತೆ ಕಳಿಸುತ್ತಿದ್ದಾರೋ, ಹೊರಳಿ ಬರಬೇಡ ಎನ್ನುತ್ತಿದ್ದಾರೋ? ತಡೆಯಲಾಗದೆ ಕೇಳಿಯೇಬಿಟ್ಟೆ. ‘ಲೆಕ್ಕದ ಟೀಚರ್ ಅದೀ, ನೀನ ಬಿಡಿಸ್ಕೋ’ ಎಂದು ಎದ್ದು ಹೋದರು. ಮಧ್ಯಾಹ್ನ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ಎಂದಿನಂತೆ ಬೈದರು.

ಆ ಅಕ್ಕಿಯನ್ನು ಗಂಟು ಕಟ್ಟಿ ಇಟ್ಟಿದ್ದೇನೆ. ನೋಡಿದಾಗಲೆಲ್ಲ ಒಂದೊಂದು ಅರ್ಥ ಹೊಳೆಯುತ್ತದೆ. ಈ ಪ್ರಶ್ನೆಯನ್ನು ಖಾಲಿ ಬಿಟ್ಟರೆ ಅಂಕ ಕಳೆಯುವುದಿಲ್ಲವೆಂದು ಯಾರಾದರೂ ಹೇಳಿದರೆ ಬಿಟ್ಟೇಬಿಡುತ್ತಿದ್ದೆ. ಬಿಟ್ಟರೂ ಅದೊಂದು ಉತ್ತರವೇ ಆಗುತ್ತದೆ, ಅದೇ ತೊಂದರೆ.

ಇನ್ನೂ ಏನೂ ನಿರ್ಧರಿಸಿಲ್ಲ. ಚಿಕ್ಕಮ್ಮನಿಗೆ ತೊಂದರೆ ಕೊಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಜೋಡಿ,
ಅವ್ವ (ಸುರೇಖಾ)

ತಾ.ಕ.: ಗುರುವಾರ. ಲಕೋಟೆಯ ಮೇಲೆ ಕಲಬುರಗಿಯ ಮುದ್ರೆಯನ್ನು ನೀನು ಆಗಲೇ ನೋಡಿರುತ್ತೀ. ಊರಿನ ಅಂಚೆ ಡಬ್ಬಿಯ ಮುಂದೆ ಎರಡು ಸಲ ಹೋದರೂ ಕಾಗದ ಹಾಕಲಾಗಲಿಲ್ಲ, ಬ್ಯಾಗಿನಲ್ಲೇ ನನ್ನ ಜೊತೆ ಬಂತು. ಪ್ರವೇಶದ ಸಾಲಿನಲ್ಲಿ ಒಬ್ಬರು, ‘ಮಗಳನ್ನ ಕಳಸ್ರೀ ಮೇಡಂ, ತಾಯಿತಂದಿಗೆ ಹೊರಗ ಖುರ್ಚಿ ಹಾಕೇವ್ರಿ’ ಎಂದರು. ನಾನೇ ವಿದ್ಯಾರ್ಥಿ ಎಂದೆ. ಕನ್ನಡದಲ್ಲಿ ಹೇಳಲು ಧೈರ್ಯ ಸಾಲದೆ ಇಂಗ್ಲಿಷಿನಲ್ಲಿ ಹೇಳಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಈಗಲೂ ಗೊತ್ತಿಲ್ಲ. ಒಂದು ಕೋಣೆ ಹಿಡಿದಿದ್ದೇನೆ. ಉಡಿಯ ಅಕ್ಕಿಯನ್ನು ಹೋದ ಊರಲ್ಲೇ ಬೇಯಿಸಬೇಕಂತೆ. ನನ್ನೊಬ್ಬಳಿಗೆ ಅದು ಹೆಚ್ಚು. ಸಿಟ್ಟು ಹಾಗೇ ಇರಲಿ, ಊಟಕ್ಕೆ ಬಾ.